ನೀರಿಳಿದ ಕೆರೆಯಂಗಳ

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಕೆರೆಹಕ್ಕಿಗಳ ಮಾತು ಬಂದಾಗಲೆಲ್ಲ ಮೊದಲು ನೆನಪಾಗುವುದು ಚಳಿಗಾಲ. ಮೈಸೂರು ಅರಸರ ಮೂಲಪುರುಷ ಯದುರಾಯನ ಐತಿಹ್ಯದೊಂದಿಗೆ ಹೆಸರು ಬೆಸೆದುಕೊಂಡಿರುವ ಹದಿನಾರು ಗ್ರಾಮದ ಕೆರೆಗೆ ಪ್ರತಿ ವರ್ಷ ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ಮಧ್ಯ ಏಷ್ಯಾದ ಎತ್ತರದ ನಾಡುಗಳಿಂದ ಪಟ್ಟೆತಲೆಯ ಹೆಬ್ಬಾತುಗಳು ಬಂದಿಳಿಯುತ್ತವೆ. ಅವುಗಳನ್ನು ನೋಡಲು ಮೈಸೂರಿನಿಂದಲೂ ಬೆಂಗಳೂರಿನಿಂದಲೂ ಜನ ಬರುತ್ತಾರೆ. ಭಾರತ ಉಪಖಂಡದಲ್ಲಿ 1987ರಲ್ಲಿ ಆರಂಭವಾದ ಏಷ್ಯಾ ನೀರುಹಕ್ಕಿ ಗಣತಿ ಪ್ರತಿ ಜನವರಿಯಲ್ಲಿ ನಡೆಯುತ್ತದೆ. ಮಾರ್ಚ್ ಕಳೆಯುವ ಹೊತ್ತಿಗೆ ಹೆಬ್ಬಾತುಗಳು ಉತ್ತರಕ್ಕೆ ಹೊರಟುಹೋಗುತ್ತವೆ, ಅವುಗಳ ಹಿಂದೆಯೇ ದುರ್ಬೀನು ಹಿಡಿದ ಜನರೂ ಹೊರಡುತ್ತಾರೆ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ನೀರು ಇಳಿದು, ಕೆಸರು ತೇಲಿ, ಅಂಚಿನ ಮಣ್ಣು ಬಿರುಕುಬಿಟ್ಟ ಕೆರೆಯನ್ನು ಸತ್ತ ಕೆರೆಯೆಂದು ತಿಳಿಯುವುದು ವಾಡಿಕೆಯಾಗಿದೆ. ಆದರೆ ಈ ಸೀಮೆಯ ನೀರುಹಕ್ಕಿಗಳ ಬದುಕಿನಲ್ಲಿ ಮರಿಗಳ ಅಳಿವು ಉಳಿವು ತೀರ್ಮಾನವಾಗುವುದು ಬಹುಮಟ್ಟಿಗೆ ಇದೇ ಎರಡು ತಿಂಗಳುಗಳಲ್ಲಿ.

ಇದನ್ನು ಅರಿಯಲು ಮೊದಲು ಕೆರೆಯ ಆಕಾರವನ್ನು ಗಮನಿಸಬೇಕು. ನೈಸರ್ಗಿಕ ಸರೋವರಗಳ ತಳ ಹಲವು ಕಡೆ ಕಡಿದಾಗಿ ಆಳಕ್ಕಿಳಿಯುತ್ತದೆ; ದಕ್ಷಿಣ ಕರ್ನಾಟಕದ ಕೆರೆಯಾದರೋ ಇಳಿಜಾರಿನ ಒಂದು ಮಗ್ಗುಲಿಗೆ ಮಣ್ಣಿನ ಏರಿಯನ್ನು ಅಡ್ಡಹಾಕಿ, ಹೆಚ್ಚಾದ ನೀರು ಹರಿದುಹೋಗಲು ಕೋಡಿಯನ್ನೂ ಅಚ್ಚುಕಟ್ಟಿನ ಗದ್ದೆಗಳಿಗೆ ನೀರು ಬಿಡಲು ತೂಬನ್ನೂ ಇಟ್ಟು ಮಾಡಿದ ತಟ್ಟೆಯಂಥ ರಚನೆ. ಏರಿಯ ಬುಡದಲ್ಲಿ ಆಳ, ಎದುರು ದಿಕ್ಕಿನ ಹಿನ್ನೀರಿನಲ್ಲಿ ತೆಳುವು. ಆ ತೆಳುವಾದ ಕಡೆ ನೂರು ಅಡಿ ನಡೆದರೆ ಒಂದು ಅಡಿ ಇಳಿಯುವಷ್ಟು ನಿಧಾನವಾದ ಇಳಿಜಾರಿದೆಯೆಂದು ಇಟ್ಟುಕೊಂಡರೆ, ನೀರಿನ ಮಟ್ಟ ಒಂದೇ ಅಡಿ ಕುಸಿದಾಗ ನೂರು ಅಡಿ ಅಗಲದ ಹೊಸ ಕೆಸರಿನ ಪಟ್ಟಿ ಹೊರಬೀಳುತ್ತದೆ. ಏಪ್ರಿಲ್ ಬಿಸಿಲಿಗೆ ತೆರೆದ ನೀರು ದಿನಕ್ಕೆ ಐದಾರು ಮಿಲಿಮೀಟರಿನಷ್ಟು ಆವಿಯಾಗುವುದರಿಂದ, ತೂಬನ್ನು ಎತ್ತದಿದ್ದರೂ ಕೆರೆ ತಿಂಗಳಿಗೆ ಹೆಚ್ಚುಕಡಿಮೆ ಒಂದು ಗೇಣು ಇಳಿಯುತ್ತದೆ. ಹೀಗೆ ಪ್ರತಿದಿನವೂ ಸುಮಾರು ಒಂದು ಹೆಜ್ಜೆಯಷ್ಟು ಹಸಿ ನೆಲ ಹೊಸದಾಗಿ ತೆರೆದುಕೊಳ್ಳುತ್ತದೆ. ಹುಳು, ಗೊಂಡೆಹುಳು, ಗುಳ್ಳೆ, ಏಡಿ, ಸೀಗಡಿ, ಮೀನುಮರಿಗಳು ತುಂಬಿರುವ ಈ ಪಟ್ಟಿ ಹಕ್ಕಿಗಳ ಪಾಲಿಗೆ ದಿನದಿನವೂ ಹೊಸದಾಗಿ ಹಾಸಿದ ಎಲೆ.

ಎರಡು ತಾಲ್ಲೂಕುಗಳ ಎಲ್ಲ ಕೆರೆಗಳೂ ಒಂದೇ ಹದದಲ್ಲಿ ಇಳಿಯುವುದಿಲ್ಲ. ಕೇರಳದ ವಯನಾಡಿನಲ್ಲಿ ಹುಟ್ಟಿ ನಂಜನಗೂಡನ್ನು ಬಳಸಿ ಬರುವ ಕಪಿಲೆಯು, ಎಂದರೆ ಕಬಿನಿಯು, ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. 1974ರಲ್ಲಿ ಪೂರ್ಣಗೊಂಡ ಕಬಿನಿ ಅಣೆಕಟ್ಟಿನ ಬಲದಂಡೆ ನಾಲೆ, ಕೃಷ್ಣರಾಜಸಾಗರದಿಂದ ಬರುವ ವರುಣಾ ನಾಲೆ ಹಾಗೂ ಇವಕ್ಕಿಂತ ಹಳೆಯದಾದ ಹುಲ್ಲಹಳ್ಳಿ ಅಣೆಕಟ್ಟೆಯ ಕಾಲುವೆಗಳು ಈ ಸೀಮೆಯನ್ನು ಬಲೆಯಂತೆ ಹೆಣೆದಿವೆ. ನಾಲೆಯ ಬಸಿನೀರು ಸಿಗುವ ಕೆರೆ ಮೇ ತಿಂಗಳಲ್ಲೂ ಅರ್ಧ ತುಂಬಿರಬಹುದು, ಮಳೆಯನ್ನೇ ನಂಬಿದ ಪಕ್ಕದ ಕೆರೆ ಅಷ್ಟರಲ್ಲಿ ಕುರಿ ಮೇಯುವ ಬಯಲಾಗಿರಬಹುದು. ಹಕ್ಕಿಗಳಿಗೆ ಈ ಏರುಪೇರೇ ಬೇಕು. ಒಂದರಲ್ಲಿ ಮೊಣಕಾಲುದ್ದ ನೀರು, ಇನ್ನೊಂದರಲ್ಲಿ ಪಾದ ಮುಳುಗುವಷ್ಟು, ಮತ್ತೊಂದರಲ್ಲಿ ಬರೀ ಕೆಸರು ಇದ್ದಾಗ ಬೇರೆ ಬೇರೆ ಕಾಲಳತೆಯ ಹಕ್ಕಿಗಳಿಗೆಲ್ಲ ಒಂದಲ್ಲ ಒಂದು ಕಡೆ ಜಾಗ ಸಿಗುತ್ತದೆ.

ನೀರು ಕುಗ್ಗಿದಂತೆ ಮೀನುಗಳು ಒತ್ತೊತ್ತಾಗಿ ಸೇರುತ್ತವೆ. ಬಿಸಿಯೇರಿದ ನೀರು ತಣ್ಣೀರಿನಷ್ಟು ಆಮ್ಲಜನಕವನ್ನು ಹಿಡಿದಿಡಲಾರದು, ಆದ್ದರಿಂದ ನಸುಕಿನ ಹೊತ್ತಿಗೆ ಮೀನುಗಳು ಉಸಿರಿಗಾಗಿ ಮೇಲ್ಪದರಕ್ಕೆ ಬಂದು ಬಾಯಿ ಕಳೆಯುತ್ತವೆ. ಹೆಜ್ಜಾರ್ಲೆಗಳು ಕೆರೆಯ ನಡುವಿನ ಉಳಿದ ಮಡುವಿನಲ್ಲಿ ಸಾಲುಗಟ್ಟಿ ಈಜಿ, ಮೀನಿನ ಹಿಂಡನ್ನು ತೆಳು ನೀರಿನತ್ತ ಅಟ್ಟಿಕೊಂಡು ಹೋಗಿ ಚೀಲದಂಥ ಕೆಳಕೊಕ್ಕಿನಿಂದ ಬಲೆ ಬೀಸಿದಂತೆ ಬಾಚುತ್ತವೆ. ಆ ಚೀಲ ಮೀನನ್ನು ಹಿಡಿಯಲು ಮಾತ್ರ, ನೀರನ್ನು ಹೊರಚೆಲ್ಲಿದೊಡನೆ ಮೀನು ಹೊಟ್ಟೆ ಸೇರುತ್ತದೆ. ನೀರುಕಾಗೆಗಳು ಆಳದಲ್ಲಿ ಮುಳುಗಿ ಬೇಟೆಯಾಡಿದರೆ, ಬೂದು ಬಕ ಅಂಚಿನಲ್ಲಿ ಕಲ್ಲಿನಂತೆ ನಿಂತು ಕಣ್ಣಿನಿಂದ ಗುರಿಹಿಡಿಯುತ್ತದೆ.

ಆದರೆ ಬೇಸಿಗೆಯ ಕೊನೆಯ ಕೆರೆಯಲ್ಲಿ ಕಣ್ಣಿನ ಬೇಟೆಗೆ ದೊಡ್ಡದೊಂದು ಅಡ್ಡಿಯುಂಟು. ದನಕರುಗಳು ಇಳಿದು, ಗಾಳಿಗೆ ತಳ ಕದಡಿ, ನೀರು ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ಇಂಥ ನೀರಿನಲ್ಲಿ ಗೆಲ್ಲುವುದು ಸ್ಪರ್ಶಬೇಟೆ, ಎಂದರೆ ಬೇಟೆಯನ್ನು ನೋಡದೆ ಕೊಕ್ಕಿಗೆ ತಗುಲಿದ್ದನ್ನು ಹಿಡಿಯುವ ಕ್ರಮ. ಬಣ್ಣದ ಕೊಕ್ಕರೆ ತನ್ನ ಹಳದಿ ಕೊಕ್ಕನ್ನು ಅರ್ಧ ತೆರೆದು ಕಣ್ಣಿನ ಸಮೀಪದವರೆಗೂ ನೀರಿನಲ್ಲಿ ಮುಳುಗಿಸಿ, ಒಂದು ಕಾಲಿನಿಂದ ಕೆಸರನ್ನು ಕಲಕುತ್ತಾ, ಆಗಾಗ ಒಂದು ರೆಕ್ಕೆಯನ್ನು ಫಕ್ಕನೆ ಬಿಚ್ಚಿ ಮೀನನ್ನು ಬೆದರಿಸುತ್ತಾ ಮುಂದೆ ಸಾಗುತ್ತದೆ. ಮೀನು ಕೊಕ್ಕಿನ ಒಳಬದಿಗೆ ತಾಕಿದರೆ ಕೊಕ್ಕು ತಾನಾಗಿ ಮುಚ್ಚಿಕೊಳ್ಳುತ್ತದೆ. ಇದೇ ಕುಲಕ್ಕೆ ಸೇರಿದ ಅಮೆರಿಕದ ಕಾಡುಕೊಕ್ಕರೆಯಲ್ಲಿ ಈ ಮುಚ್ಚುವಿಕೆಯ ವೇಗವನ್ನು ವಿಜ್ಞಾನಿಗಳು ಅಳೆದು 1963ರಲ್ಲಿ ಪ್ರಕಟಿಸಿದರು. ತಾಕಿದ ಕ್ಷಣದಿಂದ ಮುಚ್ಚುವವರೆಗೆ ಹಿಡಿದ ಕಾಲ ಸೆಕೆಂಡಿನ ಸಾವಿರದಲ್ಲಿ 25 ಭಾಗ ಮಾತ್ರ. ಮನುಷ್ಯನ ಕಣ್ಣುರೆಪ್ಪೆ ಮಿಟುಕುವುದಕ್ಕೂ ಇದಕ್ಕಿಂತ ಹೆಚ್ಚು ಹೊತ್ತು ಬೇಕು. ಚಮಚಕೊಕ್ಕಿನ ಹಕ್ಕಿಯದೂ ಇದೇ ವಿದ್ಯೆ, ವಿಧಾನ ಮಾತ್ರ ಬೇರೆ: ಚಪ್ಪಟೆ ತುದಿಯ ಕೊಕ್ಕನ್ನು ಪೈರು ಕೊಯ್ಯುವ ಕುಡುಗೋಲಿನಂತೆ ಎಡಕ್ಕೂ ಬಲಕ್ಕೂ ಬೀಸುತ್ತಾ, ಐದಾರು ಹಕ್ಕಿಗಳು ಸಾಲಾಗಿ ನಡೆಯುತ್ತವೆ.

ಸ್ಪರ್ಶಬೇಟೆಗೆ ಒಂದು ಷರತ್ತಿದೆ. ಕೊಕ್ಕಿಗೆ ಮೀನು ತಾನಾಗಿ ತಗುಲಬೇಕಾದರೆ ನೀರಿನಲ್ಲಿ ಮೀನು ದಟ್ಟವಾಗಿರಬೇಕು. ಅಕ್ಟೋಬರಿನಲ್ಲಿ ಕೋಡಿ ಬಿದ್ದ ಕೆರೆಯಲ್ಲಿ ಮೀನುಗಳ ಒಟ್ಟು ಸಂಖ್ಯೆ ಹೆಚ್ಚಿದ್ದರೂ ಅವು ಚದುರಿರುತ್ತವೆ, ನೀರು ಕೊಕ್ಕರೆಯ ಕಾಲಿಗೆ ಎಟುಕದಷ್ಟು ಆಳವಾಗಿರುತ್ತದೆ. ಆದ್ದರಿಂದಲೇ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಮಳೆಗಾಲವನ್ನು ಬಿಟ್ಟು, ಚಳಿಗಾಲದಲ್ಲಿ ಗೂಡುಕಟ್ಟಲು ತೊಡಗುತ್ತವೆ. ಗೂಡಿನಲ್ಲಿ ಮರಿಗಳು ಬೆಳೆದು ಅವುಗಳ ಹಸಿವು ತುತ್ತತುದಿಗೆ ಏರುವ ಹೊತ್ತಿಗೆ ಸುತ್ತಣ ಕೆರೆಗಳು ಇಳಿಯತೊಡಗಿ, ಮೀನು ದಟ್ಟವಾಗಿ, ತಂದೆತಾಯಿಗಳ ದುಡಿಮೆಗೆ ಫಲ ಹೆಚ್ಚುತ್ತದೆ. 2007ರಲ್ಲಿ ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾದ ಆ ಊರಿನ ಹುಣಸೆ ಮತ್ತು ಆಲದ ಮರಗಳು ಹಕ್ಕಿಗಳಿಗೆ ತೊಟ್ಟಿಲು ಮಾತ್ರ. ಅಡುಗೆಮನೆ ಇರುವುದು ಸುತ್ತಲಿನ ಕೆರೆಗಳಲ್ಲಿ, ಗದ್ದೆಗಳಲ್ಲಿ, ನದಿಯ ಮಡುಗಳಲ್ಲಿ. 1940ರಲ್ಲಿ ಸಲೀಂ ಅಲಿಯವರ ಒತ್ತಾಸೆಯಿಂದ ಪಕ್ಷಿಧಾಮವಾದ ರಂಗನತಿಟ್ಟಿನ ಮಟ್ಟಿಗೂ ಈ ಮಾತು ಸಲ್ಲುತ್ತದೆ.

ಮೇ ತಿಂಗಳಲ್ಲಿ ಈ ಸೀಮೆಯ ಕೆರೆಯಂಗಳಗಳಲ್ಲಿ ಕಾಣುವ ಬಣ್ಣದ ಕೊಕ್ಕರೆಗಳಲ್ಲಿ ಕೆಲವಕ್ಕೆ ಬಣ್ಣವೇ ಇರುವುದಿಲ್ಲ. ಮೈ ಮಾಸಲು ಬೂದುಗಂದು, ಮುಖದಲ್ಲಿ ಕಿತ್ತಳೆಯ ಸುಳಿವಿಲ್ಲ, ರೆಕ್ಕೆಯಂಚಿನ ಗುಲಾಬಿಯೂ ಮೂಡಿಲ್ಲ. ಇವು ಅದೇ ವರ್ಷ ಗೂಡು ಬಿಟ್ಟ ಮರಿಗಳು. ಸ್ವಂತವಾಗಿ ಬೇಟೆಯಾಡುವುದನ್ನು ಕಲಿಯುವ ಮೊದಲ ವಾರಗಳಲ್ಲಿ ಅವುಗಳ ಹತ್ತು ಪ್ರಯತ್ನಗಳಲ್ಲಿ ಹೆಚ್ಚಿನವು ಬರಿದಾಗುತ್ತವೆ, ಹಾಗಾಗಿ ಮೀನು ತುಂಬಿದ ತೆಳು ನೀರು ಸಿಗದಿದ್ದರೆ ಅವು ಉಳಿಯುವುದು ಕಷ್ಟ. ಪಟ್ಟೆತಲೆಯ ಹೆಬ್ಬಾತಿನ ಚಿತ್ರಕ್ಕಾಗಿ ನೂರಾರು ಮೈಲಿ ಬರುವವರು ಈ ಬಣ್ಣಗೆಟ್ಟ ಮರಿಗಳನ್ನು ನೋಡಲು ಬರುವುದಿಲ್ಲ; ಬಂದರೆ ಹದಿನಾರಿನಂಥ ಕೆರೆಗೂ ಕೊಕ್ಕರೆ ಬೆಳ್ಳೂರಿನಂಥ ಊರಿಗೂ ಇರುವ ನಂಟು ಅವರ ಕಣ್ಣಿಗೆ ಬಿದ್ದೀತು.

ಬಾಯ್ಕಳಕ ಕೊಕ್ಕರೆಯ ಊಟದ ಕ್ರಮವೂ ಈ ಕಾಲಕ್ಕೆ ಹೊಂದಿಕೊಂಡಿದೆ. ಮುಚ್ಚಿದಾಗಲೂ ನಡುವೆ ಸಂದು ಉಳಿಯುವ ಅದರ ಕೊಕ್ಕನ್ನು ಅಡಕತ್ತರಿಯಂತೆ ಗುಳ್ಳೆ ಒಡೆಯುವ ಸಾಧನವೆಂದು ಹಿಂದೆ ಭಾವಿಸಲಾಗಿತ್ತು. ವಾಸ್ತವದಲ್ಲಿ ಹಕ್ಕಿ ಚಿಪ್ಪನ್ನು ಒಡೆಯುವುದೇ ಅಪರೂಪ. ಕೆಳಕೊಕ್ಕಿನ ಚೂಪು ತುದಿಯನ್ನು ಮುಚ್ಚಳದ ಅಡಿಗೆ ತೂರಿಸಿ, ಒಳಗಿನ ಮಾಂಸವನ್ನು ಚಿಪ್ಪಿಗೆ ಬಿಗಿದಿರುವ ಸ್ನಾಯುವನ್ನು ಕತ್ತರಿಸಿ, ಇಡಿಯಾಗಿ ಹೊರಗೆಳೆಯುತ್ತದೆ. ಕೆರೆ ಒಣಗುವಾಗ ಗುಳ್ಳೆಗಳು ಕೆಸರಿನೊಳಗೆ ಹೂತುಕೊಂಡು ಮುಚ್ಚಳ ಬಿಗಿದು ಮುಂದಿನ ಮಳೆಯವರೆಗೆ ನಿದ್ರಿಸುತ್ತವೆ. ಆ ನಿದ್ರೆಗೆ ಮುನ್ನ ತೆಳು ನೀರಿನಲ್ಲಿ ಅವು ಹೇರಳವಾಗಿ ಸಿಗುವ ಕೆಲವೇ ವಾರಗಳು ಬಾಯ್ಕಳಕಕ್ಕೆ ಹಬ್ಬ. ಗುಳುಮುಳುಕ, ನಾಮದ ಕೋಳಿ, ವರಟೆ, ಸಿಳ್ಳೆ ಬಾತು, ಜಂಬುಕೋಳಿ, ಕೆಂಬರಲು, ಬೆಳ್ಳಕ್ಕಿಗಳು ವರ್ಷವಿಡೀ ಇಲ್ಲಿಯವೇ ಆದುದರಿಂದ ಅವುಗಳನ್ನು ಇಲ್ಲಿ ಹೆಸರಿಸಿದರೆ ಸಾಕು.

ನೀರು ಬಿಟ್ಟುಕೊಟ್ಟ ಒಣನೆಲದಲ್ಲಿ ಬೇರೊಂದು ಸಂಸಾರ ನಡೆಯುತ್ತಿರುತ್ತದೆ. ತೇನೆಹಕ್ಕಿಯೆಂದೂ ಟಿಟ್ಟಿಭವೆಂದೂ ಕರೆಯಲಾಗುವ, ಕಣ್ಣಿನ ಮುಂದೆ ಕೆಂಪು ಚರ್ಮದ ತುಣುಕಿರುವ ಹಕ್ಕಿ ಗೂಡು ಕಟ್ಟುವುದಿಲ್ಲ. ಎದೆಯಿಂದ ನೆಲವನ್ನು ಒತ್ತಿ ತಿರುಗಿ ತಿರುಗಿ ಅಂಗೈಯಗಲದ ತಗ್ಗು ಮಾಡಿ, ಸುತ್ತ ಸಣ್ಣ ಬೆಣಚುಕಲ್ಲುಗಳನ್ನೂ ಒಣಗಿದ ಕುರಿಹಿಕ್ಕೆಗಳನ್ನೂ ಜೋಡಿಸಿ, ನಡುವೆ ನಾಲ್ಕು ಮೊಟ್ಟೆಯಿಡುತ್ತದೆ. ಬನ್ನೂರು ಕುರಿಗೆ ಹೆಸರಾದ ನರಸೀಪುರ ತಾಲ್ಲೂಕಿನಲ್ಲಿ ಹಿಕ್ಕೆಗೆ ಬರವಿಲ್ಲ. ನಾಲ್ಕು ಮೊಟ್ಟೆಗಳ ಚೂಪು ತುದಿಗಳೂ ಒಳಮುಖವಾಗಿ ಒಂದಕ್ಕೊಂದು ತಾಗಿಕೊಂಡಿರುತ್ತವೆ, ಇದರಿಂದ ಅವು ಕಡಿಮೆ ಜಾಗದಲ್ಲಿ ಅಡಕವಾಗಿ ಹಕ್ಕಿಯ ಒಡಲಡಿಗೆ ಸರಿಯಾಗಿ ಹೊಂದುತ್ತವೆ. ಮಣ್ಣಿನ ಬಣ್ಣದ ಹಿನ್ನೆಲೆಯಲ್ಲಿ ಕಪ್ಪು ಮಚ್ಚೆಗಳಿರುವ ಆ ಮೊಟ್ಟೆಗಳು ಬಿರುಕುಬಿಟ್ಟ ಗೋಡುಮಣ್ಣಿನ ಮೇಲೆ ಎರಡು ಮಾರು ದೂರದಿಂದಲೂ ಕಣ್ಣಿಗೆ ಬೀಳುವುದಿಲ್ಲ. ನೋಡುವವರು ಗೂಡನ್ನು ಹುಡುಕುವುದು ತಲೆಯ ಮೇಲೆ ಕೂಗುತ್ತಾ ಸುತ್ತುವ ತಾಯ್ತಂದೆಗಳ ಗಾಬರಿಯಿಂದಲೇ.

ಬೇರೆ ಕಾಲದಲ್ಲಿ ಕಾವು ಕೊಡುವುದೆಂದರೆ ಮೊಟ್ಟೆಯನ್ನು ಬೆಚ್ಚಗಿಡುವುದು. ಮೇ ತಿಂಗಳ ಮಧ್ಯಾಹ್ನ ಅದರ ಅರ್ಥ ತಲೆಕೆಳಗಾಗುತ್ತದೆ. ಮೊಟ್ಟೆಯೊಳಗಿನ ಭ್ರೂಣಕ್ಕೆ ಹಿತವಾದ ಶಾಖ ಸುಮಾರು 37–38 ಡಿಗ್ರಿ ಸೆಲ್ಸಿಯಸ್. ಬಿಸಿಲಿಗೆ ಕಾದ ಬರಿನೆಲ ಅದನ್ನು ಮೀರಿ ಎಷ್ಟೋ ಮೇಲಕ್ಕೆ ಹೋಗುತ್ತದೆ. ಆಗ ತೇನೆಹಕ್ಕಿ ಮೊಟ್ಟೆಗಳ ಮೇಲೆ ಕೂರದೆ, ರೆಕ್ಕೆಗಳನ್ನು ಸಡಿಲಬಿಟ್ಟು ಬಾಯಿ ತೆರೆದು ಏದುಸಿರು ಬಿಡುತ್ತಾ ಕೊಡೆಯಂತೆ ನಿಂತುಕೊಳ್ಳುತ್ತದೆ. ಬಿಸಿಲು ಇನ್ನೂ ಏರಿದರೆ ಗಂಡುಹೆಣ್ಣುಗಳು ಸರದಿಯಂತೆ ನೀರಿನಂಚಿಗೆ ಹೋಗಿ, ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ಅದ್ದಿ ನೆನೆಸಿಕೊಂಡು ಬಂದು ಮೊಟ್ಟೆಗಳ ಮೇಲೆ ಕೂರುತ್ತವೆ. ಆ ತೇವ ಆರುವಾಗ ಮೊಟ್ಟೆಯ ಶಾಖವನ್ನೂ ತೆಗೆದುಕೊಂಡು ಹೋಗುತ್ತದೆ. ಮಣ್ಣಿನ ಹೂಜಿ ನೀರನ್ನು ತಂಪಾಗಿಡುವುದೂ ಇದೇ ತತ್ತ್ವದಿಂದ. ಗೂಡಿನಿಂದ ನೀರಿನಂಚಿಗೆ ಇರುವ ದೂರ ಬೇಸಿಗೆ ಮುಂದುವರಿದಂತೆ ಹೆಚ್ಚುತ್ತಲೇ ಹೋಗುವುದರಿಂದ, ಕೆರೆಯಲ್ಲಿ ಕಡೆಯ ಪಕ್ಷ ಒಂದು ಗುಂಡಿಯಷ್ಟಾದರೂ ನೀರು ಉಳಿಯುವುದು ಈ ಒಣನೆಲದ ಹಕ್ಕಿಗೂ ಬಹಳ ಮುಖ್ಯ. ಕೆಂಪುಗಾಲಿನ ಮೆಟ್ಟುಗಾಲು ಹಕ್ಕಿ ಇದಕ್ಕಿಂತ ನೀರಿಗೆ ಹತ್ತಿರ, ಕೆಸರಿನ ದಿಬ್ಬದ ಮೇಲೆ ಗೂಡು ಮಾಡುತ್ತದೆ. ಅಕಾಲದ ಮಳೆಗೆ ನೀರು ಏರಿದರೆ ಹುಲ್ಲು ಕಡ್ಡಿಗಳನ್ನು ಸೇರಿಸಿ ಗೂಡನ್ನು ಎತ್ತರಿಸುವ ಜಾಣ್ಮೆ ಅದಕ್ಕಿದೆ.

ಇದೇ ಹೊತ್ತಿಗೆ ನದಿಯಲ್ಲೂ ನೀರು ತಗ್ಗಿ, ಕಾವೇರಿಯ ಪಾತ್ರದಲ್ಲಿ ಮರಳದಿಣ್ಣೆಗಳೂ ಬಂಡೆಗಳೂ ತಲೆಯೆತ್ತುತ್ತವೆ. ಅವುಗಳ ಮೇಲೆ ನದಿ ರೀವಗಳೂ, ಪುಟ್ಟ ಚಿಟವಗಳೂ ಬರಿನೆಲದಲ್ಲೇ ಮೊಟ್ಟೆಯಿಡುತ್ತವೆ. ಸುತ್ತ ನೀರಿರುವಾಗ ನಾಯಿನರಿಗಳ ಭಯ ಕಡಿಮೆ. ಆದರೆ ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ಒಂದೇ ರಾತ್ರಿಯಲ್ಲಿ ಇಡೀ ದಿಣ್ಣೆಯ ಗೂಡುಗಳು ಕೊಚ್ಚಿಹೋಗುತ್ತವೆ. ನದಿ ರೀವದ ಸಂಖ್ಯೆ ದೇಶದ ಹಲವೆಡೆ ಕುಗ್ಗಲು ನದಿಗಳ ಈ ಬದಲಾದ ಲಯವೂ ಒಂದು ಕಾರಣ.

ವಲಸೆಯ ಹಕ್ಕಿಗಳೆಲ್ಲ ಮಾರ್ಚಿಗೇ ಹೋದವೆಂಬ ನಂಬಿಕೆಯನ್ನೂ ಸ್ವಲ್ಪ ತಿದ್ದಬೇಕಾಗುತ್ತದೆ. ಗದ್ದೆಗೊರವಗಳಲ್ಲಿ ಕೆಲವು ಏಪ್ರಿಲ್ ಕೊನೆಯವರೆಗೂ ಕೆಸರಿನಲ್ಲಿ ಮೇದು, ಚರ್ಮದಡಿಗೆ ಕೊಬ್ಬು ತುಂಬಿಕೊಂಡು, ಸಂತಾನಕಾಲದ ಗಾಢ ಬಣ್ಣಕ್ಕೆ ತಿರುಗಿದ ಮೇಲೆ ಹೊರಡುತ್ತವೆ. ಉತ್ತರದ ನಾಡುಗಳ ಬೇಸಿಗೆ ಚಿಕ್ಕದು. ಅಲ್ಲಿ ಹಸಿರು ಗದ್ದೆಗೊರವದ ಹೆಣ್ಣುಗಳು ಮರಿಗಳನ್ನು ಗಂಡಿಗೆ ಒಪ್ಪಿಸಿ ಜೂನ್ ತಿಂಗಳಲ್ಲೇ ದಕ್ಷಿಣಕ್ಕೆ ಮುಖಮಾಡುವುದುಂಟು. ಆಗಸ್ಟ್ ವೇಳೆಗೆ ಗದ್ದೆಗೊರವಗಳ ಮೊದಲ ತಂಡಗಳು ಮತ್ತೆ ಕರ್ನಾಟಕದ ಕೆರೆಗಳಲ್ಲಿರುತ್ತವೆ. ಲೆಕ್ಕ ಹಾಕಿದರೆ ಇಂಥ ಹಕ್ಕಿ ಈ ಸೀಮೆಯಿಂದ ದೂರವಿರುವುದು ಮೂರು ನಾಲ್ಕು ತಿಂಗಳು ಮಾತ್ರ, ಉಳಿದ ಎಂಟೊಂಬತ್ತು ತಿಂಗಳು ಅದು ಇಲ್ಲಿಯದೇ. ಅದನ್ನು ವಿದೇಶಿ ಅತಿಥಿ ಎನ್ನುವುದು ಎಷ್ಟು ಸರಿ ಎಂಬುದನ್ನು ಓದುಗರೇ ತೂಗಬಹುದು.

ಹೆಬ್ಬಾತಿನ ಲೆಕ್ಕ ಬೇರೆ. ಮಂಗೋಲಿಯಾದಲ್ಲಿ ತೊಡಿಸಿದ ಕೊರಳಪಟ್ಟಿಯಿರುವ ಹೆಬ್ಬಾತುಗಳು ಮೈಸೂರು ಸುತ್ತಿನ ಕೆರೆಗಳಲ್ಲಿ ಕಂಡಿರುವುದರಿಂದ ಅವುಗಳ ದಾರಿಯ ಎರಡು ತುದಿಗಳು ತಿಳಿದಿವೆ. ನಡುವಿನ ಹಿಮಾಲಯವನ್ನು ಅವು ದಾಟುವ ಬಗೆಯನ್ನು ಉಪಗ್ರಹ ಸಾಧನಗಳು ತೋರಿಸಿಕೊಟ್ಟಿವೆ: ದಾಖಲಾದ ಅತಿ ಎತ್ತರ 7,290 ಮೀಟರ್ ಆದರೂ ಹೆಚ್ಚಿನ ಹಾರಾಟ 5,500 ಮೀಟರಿಗಿಂತ ಕೆಳಗೆ, ಕಣಿವೆಗಳ ಏರಿಳಿತವನ್ನು ಅನುಸರಿಸಿಯೇ ನಡೆಯುತ್ತದೆ. ಅವುಗಳ ರಕ್ತದ ಹಿಮೋಗ್ಲೋಬಿನ್ನಿನ ಆಲ್ಫಾ ಸರಪಳಿಯ 119ನೆಯ ಸ್ಥಾನದಲ್ಲಿ, ಹತ್ತಿರದ ಬಳಗದ ಹೆಬ್ಬಾತುಗಳಲ್ಲಿರುವ ಪ್ರೋಲೀನ್ ಬದಲು ಅಲನೀನ್ ಎಂಬ ಅಮೈನೋ ಆಮ್ಲವಿದ್ದು, ಇದರಿಂದ ತೆಳುಗಾಳಿಯಲ್ಲೂ ರಕ್ತ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯಬಲ್ಲದು. ನಂಜನಗೂಡಿನಲ್ಲಿ ತೇನೆಹಕ್ಕಿ ಮೊಟ್ಟೆಗೆ ನೆರಳಾಗಿ ನಿಂತಿರುವ ಮೇ ತಿಂಗಳಲ್ಲಿ ಈ ಹೆಬ್ಬಾತುಗಳು ಹಿಮ ಕರಗುವ ಸರೋವರದ ದಂಡೆಯಲ್ಲಿ ಮೊಟ್ಟೆಗೆ ಬಿಸುಪು ಕೊಡುತ್ತಿರುತ್ತವೆ. ಬೇಸಿಗೆಯ ಕೊನೆ ಎಂಬ ಮಾತು ಅಲ್ಲಿ ಆಗಸ್ಟಿಗೆ ಸಲ್ಲುತ್ತದೆ.

ಇಲ್ಲಿ ಬೇಸಿಗೆ ಮುಗಿಯುವುದನ್ನು ರೈತರು ಮಳೆನಕ್ಷತ್ರಗಳಿಂದ ಎಣಿಸುತ್ತಾರೆ. ಏಪ್ರಿಲ್ ನಡುವಿನ ಅಶ್ವಿನಿ, 27ರ ಸುಮಾರಿಗೆ ಕಾಲಿಡುವ ಭರಣಿ, ಮೇ ತಿಂಗಳ ಕೃತ್ತಿಕೆ, ರೋಹಿಣಿಗಳಲ್ಲಿ ಗುಡುಗುಮಿಂಚಿನೊಂದಿಗೆ ಬರುವ ಮುಂಗಾರುಪೂರ್ವ ಮಳೆ ಮೈಸೂರು ಸೀಮೆಯಲ್ಲಿ ಜೂನ್, ಜುಲೈಗಳ ಮಳೆಯನ್ನೂ ಮೀರಿಸುವುದುಂಟು. ಈ ಮಳೆ ಬಿದ್ದೊಡನೆ ಕೆರೆಯ ದಿನಚರಿ ಬದಲಾಗುತ್ತದೆ. ಗೀಜಗದ ಗಂಡುಗಳು ಹಳದಿ ತಲೆಯಾಗಿ ಕೆರೆಯಂಚಿನ ಜಾಲಿಯ ಮೇಲೆ ಹುಲ್ಲೆಳೆ ಹೆಣೆಯತೊಡಗುತ್ತವೆ. ಬಾಲದ ದೇವನಕ್ಕಿ ತನ್ನ ಉದ್ದನೆಯ ಬಾಗಿದ ಬಾಲವನ್ನು ತೊಟ್ಟು ತಾವರೆಯೆಲೆಗಳ ಮೇಲೆ ಓಡಾಡುತ್ತದೆ. ಈ ದೇವನಕ್ಕಿಯಲ್ಲಿ ಕಾವು ಕೂರುವುದೂ ಮರಿ ಸಾಕುವುದೂ ಗಂಡಿನ ಪಾಲು; ಹೆಣ್ಣು ಒಬ್ಬನಿಗೆ ಮೊಟ್ಟೆಯಿಟ್ಟುಕೊಟ್ಟು ಇನ್ನೊಬ್ಬನತ್ತ ಸಾಗುತ್ತದೆ. ಚಾತಕವು ಆಫ್ರಿಕದಿಂದ ಮಳೆಯನ್ನು ಕರೆತರುತ್ತದೆಂಬ ಮಾತು ಉತ್ತರ ಮತ್ತು ಮಧ್ಯ ಭಾರತಕ್ಕೆ ಬರುವ ಬಳಗಕ್ಕೆ ಅನ್ವಯಿಸುತ್ತದೆ. ದಕ್ಷಿಣದಲ್ಲಿ ವರ್ಷವಿಡೀ ಇರುವ ಬೇರೊಂದು ಉಪಜಾತಿಯೂ ಇದ್ದು, ಮಳೆ ಬಂದಾಗ ಅದರ ಕೂಗು ಹೆಚ್ಚುತ್ತದೆ.

ಬೇಸಿಗೆಯ ಕೊನೆಯ ಈ ಕೆರೆಯಂಗಳಕ್ಕೆ ಈಗ ಎರಡು ಬಗೆಯ ಒತ್ತಡಗಳಿವೆ. ಮೊದಲನೆಯದು ಸದಾ ತುಂಬಿರುವ ನೀರು. ಆಲಂಬೂರು, ಸುತ್ತೂರುಗಳಂಥ ಏತ ಯೋಜನೆಗಳಿಂದ ಕಬಿನಿಯ ನೀರು ಎಷ್ಟೋ ಬತ್ತಿದ ಕೆರೆಗಳಿಗೆ ಬಂದಿದೆ. ಕೊಳವೆಬಾವಿಗಳಿಗೆ ಜೀವ ಬಂದಿರುವುದರಿಂದ ಊರವರಿಗೆ ಇದು ವರವೇ ಸರಿ, ಇದನ್ನು ಹಕ್ಕಿಗಳ ಹೆಸರಿನಲ್ಲಿ ಹಳಿಯುವುದು ನ್ಯಾಯವಲ್ಲ. ಆದರೆ ಏರಿಯವರೆಗೆ ಸದಾ ತುಂಬಿರುವ ಕೆರೆ ಕೊಕ್ಕರೆಗೂ ಗೊರವಕ್ಕೂ ಮುಚ್ಚಿದ ಬಾಗಿಲು. ಒಂದು ಸೀಮೆಯ ಕೆರೆಗಳನ್ನೆಲ್ಲ ಒಂದೇ ಮಟ್ಟಕ್ಕೆ ತುಂಬಿಸದೆ, ಕೆಲವನ್ನಾದರೂ ತಮ್ಮ ಪಾಡಿಗೆ ಇಳಿಯಲು ಬಿಡುವುದು ಸಾಧ್ಯವಿದೆ, ಅಗತ್ಯವೂ ಇದೆ. ಕಾನೂನಿನ ನೆರವು ಇಲ್ಲಿ ತೆಳುವಾಗಿದೆ. 1971ರ ರಾಮ್ಸಾರ್ ಒಪ್ಪಂದ ಮಾನವನಿರ್ಮಿತ ಜೌಗುನೆಲವನ್ನೂ ಜೌಗುನೆಲವೆಂದೇ ಎಣಿಸುತ್ತದೆ, ಕರ್ನಾಟಕದ ಮಾಗಡಿ ಕೆರೆ ಮತ್ತು ಅಂಕಸಮುದ್ರ ಕೆರೆಗಳು 2024ರಲ್ಲಿ ಅದರ ಪಟ್ಟಿಗೆ ಸೇರಿವೆ. ಆದರೆ ಕೇಂದ್ರದ 2017ರ ಜೌಗುನೆಲ ನಿಯಮಗಳ ವ್ಯಾಖ್ಯೆಯಿಂದ ನೀರಾವರಿಗೆಂದೇ ಕಟ್ಟಿದ ಜಲಾಶಯಗಳನ್ನು ಹೊರಗಿಡಲಾಗಿದೆ. ಹದಿನಾರು ಸೇರಿದಂತೆ ಈ ಸೀಮೆಯ ಕೆರೆಗಳೆಲ್ಲ ಮನುಷ್ಯರು ಕಟ್ಟಿದವು.

ಎರಡನೆಯ ಒತ್ತಡ ಹೂಳೆತ್ತುವ ಕೆಲಸದ್ದು. ಹೂಳೆತ್ತುವುದು ಕೆರೆಯ ಹಳೆಯ ಆರೈಕೆ, ಆ ಗೋಡು ಹೊಲಕ್ಕೆ ಗೊಬ್ಬರ. ಅದು ನಡೆಯಬೇಕಾದ ಕಾಲವೂ ಬೇಸಿಗೆಯೇ. ಜೆಸಿಬಿ ಯಂತ್ರಗಳು ಕೆರೆಗಿಳಿಯುವ ಏಪ್ರಿಲ್, ಮೇ ತಿಂಗಳುಗಳಲ್ಲೇ ನೆಲದ ಮೇಲೆ ಮೊಟ್ಟೆಗಳಿರುತ್ತವೆ ಎಂಬುದಷ್ಟೇ ತೊಡಕು. ಏರಿಯ ಕಡೆ ಎಷ್ಟು ಬೇಕಾದರೂ ಆಳ ಮಾಡಿ, ಹಿನ್ನೀರಿನ ಮಗ್ಗುಲಿನ ನಿಧಾನದ ಇಳಿಜಾರನ್ನು ಹಾಗೆಯೇ ಉಳಿಸುವುದು. ಯಂತ್ರ ಇಳಿಯುವ ಮುನ್ನ ಕುರಿಗಾಹಿಗಳನ್ನೋ ನೀರುಗಂಟಿಯನ್ನೋ ಕರೆದುಕೊಂಡು ಒಣನೆಲದಲ್ಲಿ ಒಮ್ಮೆ ನಡೆದುನೋಡುವುದು. ತೇನೆಹಕ್ಕಿ ಕೂಗುತ್ತಾ ಸುತ್ತುವ ಜಾಗಕ್ಕೆ ನಾಲ್ಕು ಗೂಟ ನೆಟ್ಟು ಅದನ್ನು ಕೊನೆಯ ಸರದಿಗೆ ಬಿಡುವುದು: ಗ್ರಾಮ ಪಂಚಾಯಿತಿಗಳು ಇಷ್ಟು ಮಾಡಿದರೆ ಕಾಮಗಾರಿಯೂ ನಿಲ್ಲುವುದಿಲ್ಲ, ಗೂಡುಗಳೂ ಉಳಿಯುತ್ತವೆ. ತೇನೆಹಕ್ಕಿಯ ಮೊಟ್ಟೆ ಒಡೆಯಲು ಬೇಕಾದ ಕಾಲ ಸುಮಾರು 28ರಿಂದ 30 ದಿನ. ಮರಿಗಳು ಹುಟ್ಟಿದ ಕೆಲವೇ ಗಂಟೆಗಳಲ್ಲಿ ಎದ್ದು ಓಡುತ್ತವೆ, ಮತ್ತೆ ಆ ತಗ್ಗಿಗೆ ಬರುವುದಿಲ್ಲ.